ದಾಂಡಿಗನ ಹೆಣ್ಣುರೂಪ ಯಾವುದು?

ಕೊಯಮತ್ತೂರಿನಿಂದ ಪೊಳ್ಳಾಚಿಗೆ ಹೋಗುವ ಹೆದ್ದಾರಿಯಲ್ಲಿ ಸರಿಸುಮಾರು ನಡುದಾರಿಗೆ ಬಂದಾಗ ಕಿಣತ್ತುಕಡವು ಸಿಗುತ್ತದೆ. ಟೊಮೇಟೊ ಸಂತೆಗೂ ಗುಡ್ಡದ ಮೇಲಿನ ಪೊನ್ಮಲೈ ವೇಲಾಯುಧಸ್ವಾಮಿಯ ಗುಡಿಗೂ ಹೆಸರಾದ ಊರು. ಹೆಸರನ್ನು ಬಿಡಿಸಿ ನೋಡಿದರೆ ಮೊದಲರ್ಧ 'ಕಿಣರು', ಎಂದರೆ ಬಾವಿ. ಉಳಿದರ್ಧ 'ಕಡವು', ಹೊಳೆಯನ್ನೋ ಹಾದಿಯನ್ನೋ ದಾಟುವ ತಾಣ; ಕನ್ನಡಿಗರಿಗೂ ಇದು ಹೊಸ ಮಾತಲ್ಲ. ಗ್ರಾಂಥಿಕ ತಮಿಳಿನ ಕಟ್ಟಳೆಯಂತೆ ಬರೆದಿದ್ದರೆ ಮೊದಲರ್ಧವು 'ಕಿಣಟ್ರು' ಎಂದಾಗಬೇಕಿತ್ತು. ಜನರ ಬಾಯಲ್ಲಿ ಅದು 'ಕಿಣತ್ತು' ಆಯಿತು. ರೈಲು ನಿಲ್ದಾಣದ ಫಲಕದಿಂದ ಹಿಡಿದು ಸರಕಾರಿ ಕಾಗದದವರೆಗೆ ಇಂದು ನಿಂತಿರುವುದು ಆ ಬಾಯಿಮಾತಿನ ರೂಪವೇ. ಪಂಡಿತರು ತಪ್ಪೆನ್ನಬಹುದಾದುದು ಇಲ್ಲಿ ಸರಿಯೆಂದು ಮೊಹರು ಹಾಕಿಸಿಕೊಂಡು ಕುಳಿತಿದೆ.

ಊರಿನ ಹೆಸರಿಗೆ ಒಪ್ಪಿದ ಈ ನ್ಯಾಯ ಆಟದ ಹೆಸರುಗಳಿಗೂ ಒಪ್ಪುತ್ತದೆಯೆ? ಇಂಗ್ಲಿಷಿನ ಒಂದು ಆಟದ ಮಾತನ್ನು ನಮ್ಮ ನುಡಿಗೆ ಸರಿಯಾಗಿ ತರುವುದೆಂದರೆ ಏನು? 'ಸರಿ' ಎಂದು ಹೇಳುವವರು ಯಾರು? ನಿಘಂಟು ಬರೆಯುವವರೋ, ಪತ್ರಿಕೆಯವರೋ, ಮೈದಾನದಲ್ಲಿ ಬೆವರು ಸುರಿಸುವ ಹುಡುಗ ಹುಡುಗಿಯರೋ? ಮೇಲ್ನೋಟಕ್ಕೆ ಇದು ಬಿಡುವಿನ ವೇಳೆಯ ಪ್ರಶ್ನೆ. ಆದರೆ ನಮ್ಮಂತಹ ಗಡಿನಾಡ ಕುಟುಂಬಗಳಿಗೆ ಇದರಲ್ಲಿ ಸ್ವಲ್ಪ ಹೆಚ್ಚಿನ ಅರ್ಥವಿದೆ.

ಕೊಯಮತ್ತೂರು ಸೀಮೆಯಲ್ಲಿ ಮಗ್ಗದ ಮುಂದೆ ಕುಳಿತ ದೇವಾಂಗರ ಮನೆಗಳಲ್ಲಿಯೂ ಹೊಲ ತೋಟಗಳನ್ನು ನಂಬಿದ ಒಕ್ಕಲಿಗರ ಮನೆಗಳಲ್ಲಿಯೂ ಕನ್ನಡ ತಲೆಮಾರುಗಳಿಂದ ಉಳಿದು ಬಂದಿದೆ. ಹೊಸಿಲಿನೊಳಗೆ ಕನ್ನಡ, ಹೊಸಿಲಿನಾಚೆ ತಮಿಳು, ಶಾಲೆಯ ಕರಿಹಲಗೆಯ ಮೇಲೆ ತಮಿಳೂ ಇಂಗ್ಲಿಷೂ. ಅಡುಗೆಯ ಮಾತು, ನಂಟಿನ ಮಾತು, ಉಳುಮೆಯ ಮಾತು, ನೂಲಿನ ಮಾತು ಇವೆಲ್ಲ ಹಿರಿಯರ ಬಾಯಿಂದ ಕಿರಿಯರ ಕಿವಿಗೆ ಇಳಿದು ಬಂದವು. ಕ್ರಿಕೆಟ್ಟು ಹಾಗೆ ಬರಲಿಲ್ಲ. ಅದು ಬಾನುಲಿಯಿಂದ, ದೂರದರ್ಶನದಿಂದ, ಶಾಲೆಯ ಬಯಲಿನಿಂದ ಬಂದಿತು. ಬರುವಾಗ ತನ್ನ ಮಾತುಗಳನ್ನು ತಾನೇ ಹೊತ್ತು ತಂದಿತು. ಆದುದರಿಂದ ಸಂಜೆ ಬಯಲಿನಿಂದ ಮರಳಿದ ಮೊಮ್ಮಗಳನ್ನು ಅಜ್ಜಿ "ಇಷ್ಟು ಹೊತ್ತು ಏನು ಆಡಿದೆ ಮಗಳೇ?" ಎಂದು ಕೇಳಿದರೆ ಉತ್ತರದ ಅರ್ಧ ಭಾಗ ಅಜ್ಜಿಗೆ ತಿಳಿಯುವುದಿಲ್ಲ. ಚಿನ್ನಿದಾಂಡು ಆಡಿ ಬೆಳೆದ ಅಜ್ಜಿಗೆ ಆಟ ಗೊತ್ತಿಲ್ಲವೆಂದಲ್ಲ. ಮಾತಿನ ಸೇತುವೆ ಮಾತ್ರ ನಡುವೆ ಕಡಿದಿದೆ.

ಈಗ ಒಂದೇ ಒಂದು ಮಾತನ್ನು ತೆಗೆದುಕೊಂಡು ನೋಡೋಣ: ಬ್ಯಾಟ್ಸ್‌ಮನ್. ಇಂಗ್ಲಿಷಿನಲ್ಲಿಯೇ ಈ ಮಾತು ಈಚೆಗೆ ಪದಚ್ಯುತವಾಯಿತು. ಕ್ರಿಕೆಟ್ಟಿನ ನಿಯಮಗಳನ್ನು ಕಾಯುವ ಲಂಡನ್ನಿನ ಎಂ.ಸಿ.ಸಿ. ಸಂಸ್ಥೆಯು 2021ರ ಸೆಪ್ಟೆಂಬರಿನಲ್ಲಿ ನಿಯಮಾವಳಿಯಿಂದ 'ಬ್ಯಾಟ್ಸ್‌ಮನ್' ಎಂಬುದನ್ನು ತೆಗೆದು 'ಬ್ಯಾಟರ್' ಎಂದು ಬರೆಯಿತು. ಆಟ ಗಂಡಸರದೂ ಹೌದು ಹೆಂಗಸರದೂ ಹೌದು, ಹೆಸರಿನಲ್ಲಿ ಗಂಡಸು ಮಾತ್ರ ಏಕಿರಬೇಕು ಎಂಬುದು ಕಾರಣ. ನ್ಯಾಯವಾದ ಕಾರಣವೇ. ನಮ್ಮ ದೇಶದ ಹೆಣ್ಣುಮಕ್ಕಳು 2025ರ ನವೆಂಬರಿನಲ್ಲಿ ನವಿ ಮುಂಬಯಿಯಲ್ಲಿ ದಕ್ಷಿಣ ಆಫ್ರಿಕವನ್ನು ಸೋಲಿಸಿ ವಿಶ್ವಕಪ್ಪನ್ನು ಎತ್ತಿಹಿಡಿದ ಮೇಲೆ ಈ ಪ್ರಶ್ನೆ ಹಳ್ಳಿಯ ಬಯಲಿಗೂ ಬಂದಿದೆ. ಹುಡುಗಿಯರು ಬ್ಯಾಟು ಹಿಡಿದು ನಿಂತಿದ್ದಾರೆ. ಅವರನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು?

ಬ್ಯಾಟ್ಸ್‌ಮನ್ನನಿಗೆ ಕನ್ನಡ ಪತ್ರಿಕೆಗಳು ಬಹು ಹಿಂದೆಯೇ ಒಂದು ಸೊಗಸಾದ ಮಾತನ್ನು ಕೊಟ್ಟವು: ದಾಂಡಿಗ. ಯಾರು ಮೊದಲು ಬಳಸಿದರೋ, ಆ ಪುಣ್ಯಾತ್ಮರಿಗೆ ಕನ್ನಡ ಕ್ರೀಡಾಲೋಕ ಋಣಿಯಾಗಿರಬೇಕು. ಈ ಮಾತಿನ ಬೇರು ಇಂಗ್ಲಿಷಿನಲ್ಲಿಲ್ಲ, ನಮ್ಮ ಬೀದಿಯಲ್ಲಿದೆ. ಚಿನ್ನಿದಾಂಡಿನಲ್ಲಿ ಚಿನ್ನಿ ಎಂದರೆ ಎರಡೂ ತುದಿ ಚೂಪಾದ ಮೋಟು ಕಡ್ಡಿ, ದಾಂಡು ಎಂದರೆ ಅದನ್ನು ಎಗರಿಸಿ ಬಾರಿಸುವ ಉದ್ದನೆಯ ಕೋಲು. ನಮ್ಮ ನೆರೆಯ ತಮಿಳು ಮಕ್ಕಳು ಇದನ್ನೇ ಕಿಟ್ಟಿಪ್ಪುಳ್ ಎನ್ನುತ್ತಾರೆ. ದಾಂಡು ಹಿಡಿದವನು ದಾಂಡಿಗ. ಇದಕ್ಕೆ ಯಾರ ವ್ಯಾಖ್ಯಾನವೂ ಬೇಕಿಲ್ಲ. ಸಾಲದುದಕ್ಕೆ ಆ ಮಾತು ಕನ್ನಡದಲ್ಲಿ ಮೊದಲೇ ಇದ್ದಿತು. ಗಟ್ಟಿಮುಟ್ಟಾದ ಆಳು, ಸ್ವಲ್ಪ ಒರಟ, ಯಾರಿಗೂ ಜಗ್ಗದವನು ಎಂಬುದು ಅದರ ಹಳೆಯ ಅರ್ಥ. ದಾಂಡಿಗತನ ಎಂದರೆ ಪುಂಡುತನವೇ. ವೇಗದ ಚೆಂಡಿಗೆ ಎದೆಗೊಟ್ಟು ನಿಲ್ಲುವವನಿಗೆ ಇದಕ್ಕಿಂತ ಒಪ್ಪುವ ಹೆಸರು ಯಾವುದು? ಇಂಗ್ಲಿಷಿನ ಮೂಲದಲ್ಲಿ ಇಲ್ಲದ ಕಸುವೂ ಅನುವಾದದಲ್ಲಿ ಸೇರಿಕೊಂಡಿತು. ಅನುವಾದವೆಂದರೆ ಮೂಲಕ್ಕಿಂತ ಒಂದು ತೂಕ ಕಡಮೆಯೇ ಎನ್ನುವವರು ಈ ಒಂದು ಮಾತನ್ನು ತಕ್ಕಡಿಯಲ್ಲಿಟ್ಟು ನೋಡಬಹುದು.

ಎಲ್ಲ ಮಾತುಗಳಿಗೂ ಇಂತಹ ಅದೃಷ್ಟ ಇರಲಿಲ್ಲ. 'ವಿಕೆಟ್'ಗೆ 'ಹುದ್ದರಿ' ಎಂಬ ಮಾತು ಕೆಲಕಾಲ ಪತ್ರಿಕೆಗಳಲ್ಲಿ ಓಡಾಡಿತು. ಅದು ಓದುಗರ ಕಣ್ಣಿಗೆ ಬಿದ್ದಿತೇ ಹೊರತು ಆಡುವವರ ನಾಲಗೆಗೆ ಹತ್ತಲಿಲ್ಲ. ಇದಕ್ಕೆ ವಿಕೆಟ್ಟಿನ ಸ್ವಭಾವವೂ ಕಾರಣ. ಇಂಗ್ಲಿಷಿನಲ್ಲಿ ವಿಕೆಟ್ ಎಂದರೆ ಮೊದಲಿಗೆ ಒಂದು ಪುಟ್ಟ ದಿಡ್ಡಿಬಾಗಿಲು. ಆಟದಲ್ಲಿ ಅದೇ ಮಾತು ನೆಟ್ಟ ಮೂರು ಗೂಟಗಳಿಗೂ ಸಲ್ಲುತ್ತದೆ, ಆಟಗಾರನೊಬ್ಬನ ಪತನಕ್ಕೂ ಸಲ್ಲುತ್ತದೆ, ಗೂಟಗಳ ನಡುವಿನ ನೆಲಕ್ಕೂ ಸಲ್ಲುತ್ತದೆ, ಇಬ್ಬರು ಜೊತೆಯಾಗಿ ಆಡಿದ ಅವಧಿಗೂ ಸಲ್ಲುತ್ತದೆ. ಒಂದು ಹೊಸ ಮಾತಿನ ಹೆಗಲ ಮೇಲೆ ನಾಲ್ಕು ಮೂಟೆ ಹೊರಿಸಿದರೆ ಅದು ಕುಸಿಯದೆ ಇದ್ದೀತೆ? 'ರನ್'ಗೆ ಬಂದ 'ಓಟ' ಹಾಗಲ್ಲ. ಗೂಟದಿಂದ ಗೂಟಕ್ಕೆ ಓಡಿದ್ದು ಓಟ. ಕಣ್ಣೆದುರಿಗೆ ನಡೆಯುವುದನ್ನೇ ಅದು ಹೇಳುತ್ತದೆ. ತಮಿಳಿನ 'ಓಟ್ಟಂ' ಕೂಡ ಅದೇ ಮಾತು. ಗಡಿಯ ಮಕ್ಕಳಿಗೆ ಇಲ್ಲಿ ಅನುವಾದದ ತೊಂದರೆಯೇ ಇಲ್ಲ.

ಆಟದ ಮಾತುಗಳ ಈ ತೊಡಕು ನಮ್ಮೊಬ್ಬರದೇ ಎಂದು ಭಾವಿಸಬೇಕಾಗಿಲ್ಲ. ನೂರು ವರ್ಷಗಳಿಗೂ ಮಿಗಿಲಾಗಿ ಇದೇ ಜಗಳವನ್ನು ಬಹಿರಂಗವಾಗಿ ಆಡಿದ ಭಾಷೆಯೊಂದು ಇದೆ: ಸ್ಪ್ಯಾನಿಷ್. ಸ್ಪೇನಿನಲ್ಲಿಯೂ ಅಮೆರಿಕ ಖಂಡಗಳ ಹತ್ತಾರು ದೇಶಗಳಲ್ಲಿಯೂ ಹರಡಿರುವ ಆ ನುಡಿಯವರು ಇಂಗ್ಲಿಷಿನ ಕಾಲ್ಚೆಂಡಿನಾಟವನ್ನು ಎದೆಗಪ್ಪಿಕೊಂಡರು. ಅದರ ಹೆಸರನ್ನು ಏನು ಮಾಡಬೇಕೆಂದು ತಿಳಿಯದೆ ತಲೆ ಕೆರೆದುಕೊಂಡರು. 1908ರಲ್ಲಿ ಮಾರಿಯಾನೊ ದೆ ಕಾವಿಯಾ ಎಂಬ ಹೆಸರಾಂತ ಪತ್ರಕರ್ತರು 'ಎಲ್ ಇಂಪಾರ್ಸಿಯಲ್' ಪತ್ರಿಕೆಯಲ್ಲಿ 'ಬಾಲೊಂಪಿಯೆ' ಎಂಬ ಮಾತನ್ನು ಮುಂದಿಟ್ಟರು. 'ಬಾಲೊನ್' ಎಂದರೆ ಚೆಂಡು, 'ಪಿಯೆ' ಎಂದರೆ ಕಾಲು. ನಮ್ಮ 'ಕಾಲ್ಚೆಂಡು', ತಮಿಳರ 'ಕಾಲ್‌ಪಂದು' ಹೇಗೋ ಹಾಗೆಯೇ, ಮೂಲದ ಎರಡು ತುಂಡುಗಳಿಗೆ ಎರಡು ತುಂಡು. ತರ್ಕದಲ್ಲಿ ಕುಂದಿಲ್ಲ, ವ್ಯಾಕರಣದಲ್ಲಿ ಕುಂದಿಲ್ಲ. ಆದರೆ ಅಷ್ಟರಲ್ಲಿ ಬೀದಿಯ ಹುಡುಗರು 'ಫುಟ್ಬೊಲ್' ಎಂದು ಕೂಗಿ ಆಗಿತ್ತು. ಗೆದ್ದದ್ದು ಆ ಕೂಗು. ಇಂದು 'ಬಾಲೊಂಪಿಯೆ' ಮುಖ್ಯವಾಗಿ ಕೆಲವು ಸಂಘಗಳ ಹೆಸರಿನಲ್ಲಿ ಉಳಿದಿದೆ. ಸೆವಿಯಾ ನಗರದ ರೆಯಲ್ ಬೆತಿಸ್ ಬಾಲೊಂಪಿಯೆ ಅವುಗಳಲ್ಲಿ ಪ್ರಸಿದ್ಧವಾದುದು. ತಾತನ ರುಮಾಲನ್ನು ಮೊಮ್ಮಗ ಪೆಟ್ಟಿಗೆಯಲ್ಲಿ ಕಾಪಾಡಿದ ಹಾಗೆ.

ಇದನ್ನು ಕೇಳಿ, ಹೊಸದಾಗಿ ಕಟ್ಟಿದ ಮಾತುಗಳೆಲ್ಲ ಸೋಲುತ್ತವೆ ಎಂದು ತೀರ್ಮಾನಿಸುವುದು ಅವಸರವಾದೀತು. ಅದೇ ಅಚ್ಚಿನಲ್ಲಿ ಎರಕಹೊಯ್ದ 'ಬಾಲೊನ್ಸೆಸ್ತೊ', ಎಂದರೆ ಬುಟ್ಟಿಚೆಂಡು, ಸ್ಪೇನಿನಲ್ಲಿ ಚೆನ್ನಾಗಿ ಬದುಕಿತು. ಅಟ್ಲಾಂಟಿಕ್ ಸಾಗರ ದಾಟಿದರೆ ಹೆಚ್ಚಿನವರು 'ಬಾಸ್ಕೆಟ್' ಎನ್ನುತ್ತಾರೆ. 'ಬಾಲೊನ್ಮಾನೊ', ಎಂದರೆ ಕೈಚೆಂಡು, ಅದೂ ಬದುಕಿತು. ವಾಲಿಬಾಲಿಗೆ ಕಟ್ಟಿದ 'ಬಾಲೊನ್ವೊಲೆಯಾ' ಮಾತ್ರ ಮಂಕಾಯಿತು. ಒಂದೇ ತಾಯಿಯ ನಾಲ್ಕು ಹೆಣ್ಣುಮಕ್ಕಳಲ್ಲಿ ಇಬ್ಬರಿಗೆ ಮನೆ ಸಿಕ್ಕಿತು, ಇಬ್ಬರಿಗೆ ಸಿಗಲಿಲ್ಲ. ವ್ಯತ್ಯಾಸವಿದ್ದದ್ದು ರೂಪದಲ್ಲಲ್ಲ, ಬಂದ ವೇಳೆಯಲ್ಲಿ. ಆಟ ಊರಿಗೆ ಕಾಲಿಡುವ ಹೊತ್ತಿಗೆ ಮಾತೂ ಜೊತೆಗಿದ್ದರೆ ಅದು ಒಗ್ಗಿಹೋಗುತ್ತದೆ. ಆಟ ಬೇರೂರಿದ ಮೇಲೆ ಬಂದ ಮಾತು, ಊಟವಾದ ಮೇಲೆ ಬಡಿಸಲು ಬಂದ ಉಪ್ಪಿನಕಾಯಿ.

ಬಲವಂತದಿಂದಲೂ ಒಮ್ಮೆ ನೋಡಿದ್ದಾಯಿತು. ಸರ್ವಾಧಿಕಾರಿ ಫ್ರಾಂಕೊನ ಆಡಳಿತದಲ್ಲಿ ಪರಭಾಷೆಯ ಹೆಸರುಗಳನ್ನು ಅಳಿಸುವ ಕಟ್ಟಾಜ್ಞೆ ಹೊರಟಾಗ ಬಿಲ್ಬಾವೊ ನಗರದ 'ಅಥ್ಲೆಟಿಕ್' ಸಂಘ 1941ರಲ್ಲಿ ತನ್ನ ಇಂಗ್ಲಿಷ್ ಹೆಸರನ್ನು 'ಅತ್ಲೆತಿಕೊ' ಎಂದು ಬದಲಿಸಿಕೊಳ್ಳಬೇಕಾಯಿತು. 1972ರಲ್ಲಿ ಹಳೆಯ ಹೆಸರು ಮರಳಿ ಬಂದಿತು. ಮೂವತ್ತು ವರ್ಷಗಳ ಸರಕಾರಿ ಮುದ್ರೆ ಒಂದು ಅಕ್ಷರದ ಅಭಿಮಾನವನ್ನು ಅಳಿಸಲಾರದೆ ಹೋಯಿತು. ಗಡಿನಾಡಿನಲ್ಲಿ ಫಲಕಗಳ ಭಾಷೆಗಾಗಿ ನಡೆದ ಜಗಳಗಳನ್ನು ಕಂಡವರಿಗೆ ಇದು ಅಪರಿಚಿತ ಕಥೆಯಲ್ಲ.

ಇನ್ನು 'ಆಫ್‌ಸೈಡ್'. ಇದನ್ನು ಸ್ಪ್ಯಾನಿಷಿಗೆ ಸರಿಯಾಗಿ ಅನುವಾದಿಸಿ ಎಂದರೆ ಅನುವಾದಕನು ಮೊದಲು ಕೇಳಬೇಕಾದ ಪ್ರಶ್ನೆ 'ಯಾವ ಊರಿನವರಿಗೆ?' ಎಂಬುದು. ಸ್ಪೇನಿನಲ್ಲಿ 'ಆಟದ ಹೊರಗೆ' ಎಂಬ ಅರ್ಥದ ಮಾತು, ಮೆಕ್ಸಿಕೊದಲ್ಲಿ 'ಸ್ಥಳದ ಹೊರಗೆ' ಎಂಬುದು, ಅರ್ಜೆಂಟೀನದಲ್ಲಿ 'ಮುಂದಾದ ನಿಲುವು' ಎಂಬುದು. ಅರ್ಜೆಂಟೀನದ ಬೀದಿಯ ಬಾಯಲ್ಲಿಯಾದರೋ ಇಂಗ್ಲಿಷಿನ ಆಫ್‌ಸೈಡೇ ಉರುಳಿ ಉರುಳಿ 'ಓರ್ಸಾಯ್' ಆಗಿಬಿಟ್ಟಿದೆ. ಅಲ್ಲಿ ಯಾರಾದರೂ ಪೇಚಿಗೆ ಸಿಕ್ಕಿದರೆ 'ಓರ್ಸಾಯಿನಲ್ಲಿ ಉಳಿದ' ಎನ್ನುತ್ತಾರಂತೆ. ಆಟದ ಮಾತು ಬಾಳಿನ ಮಾತಾಯಿತು. ಮೂಲದ ಉಚ್ಚಾರಣೆ ಕೆಟ್ಟಿದೆಯಲ್ಲ ಎಂದು ಇಂಗ್ಲಿಷಿನ ಮೇಷ್ಟರು ಮೂಗು ಮುರಿಯಬಹುದು. ಅಂತಹ ಮೇಷ್ಟರು ನಮ್ಮ ಮಕ್ಕಳ 'ಐಸ್‌ಪೈಸ್' ಆಟವನ್ನೂ ಒಮ್ಮೆ ನೋಡಬೇಕು. 'ಐ ಸ್ಪೈ' ಎಂಬ ಇಂಗ್ಲಿಷ್ ಕೂಗು ಕನ್ನಡದ ಮಕ್ಕಳ ಬಾಯಲ್ಲಿ ಐಸ್‌ಪೈಸ್ ಆಯಿತು, ತಮಿಳು ಮಕ್ಕಳ ಬಾಯಲ್ಲಿ 'ಐಸ್‌ಬಾಯ್' ಆಯಿತು. ಮಂಜುಗಡ್ಡೆಗೂ ಆ ಆಟಕ್ಕೂ ಏನು ಸಂಬಂಧವೆಂದು ಯಾವ ಮಗುವೂ ಕೇಳಿಲ್ಲ, ಆಟ ಒಂದು ದಿನವೂ ನಿಂತಿಲ್ಲ.

ಸ್ಪ್ಯಾನಿಷಿನವರು ತಾವಾಗಿಯೇ ಹುಟ್ಟಿಸಿದ ಮಾತುಗಳ ಸೊಗಸು ಬೇರೆಯೇ. ಆಟದ ಅಂಗಳಕ್ಕೆ ಅವರು ಹೇಳುವ 'ಕಾಂಚಾ' ಎಂಬುದು ದಕ್ಷಿಣ ಅಮೆರಿಕದ ಮೂಲನಿವಾಸಿಗಳ ಕೆಚುವಾ ನುಡಿಯದು. ಸುತ್ತು ಕಟ್ಟಿದ ಆವರಣ ಎಂಬ ಅರ್ಥ. ತಂಡದ ಕಟ್ಟಾ ಅಭಿಮಾನಿಗೆ ಹೇಳುವ 'ಇಂಚಾ' ಉರುಗ್ವೆಯಲ್ಲಿ ಹುಟ್ಟಿತೆಂದು ಹೇಳುತ್ತಾರೆ. ಮೊಂಟೆವಿಡಿಯೊ ನಗರದ ನಾಸಿಯೊನಾಲ್ ಸಂಘದಲ್ಲಿ ತೊಗಲಿನ ಚೆಂಡುಗಳಿಗೆ ಗಾಳಿ ಊದುವುದು ಒಬ್ಬನ ಕೆಲಸವಾಗಿತ್ತಂತೆ. ಊದುವುದಕ್ಕೆ ಅವರ ಮಾತು 'ಇಂಚಾರ್'. ಆತ ಆಟದುದ್ದಕ್ಕೂ ಅಂಚಿನಲ್ಲಿ ನಿಂತು ಗಂಟಲು ಹರಿಯುವಂತೆ ತಂಡವನ್ನು ಹುರಿದುಂಬಿಸುತ್ತಿದ್ದನಂತೆ. ಜನ ಅವನತ್ತ ಬೆರಳು ಮಾಡಿ, ಊದುವವನು ಹೇಗೆ ಕೂಗುತ್ತಾನೆ ನೋಡಿ ಎಂದರು. ಕ್ರಮೇಣ ಕೂಗುವವರೆಲ್ಲ ಊದುವವರಾದರು. ಒಬ್ಬ ಕೆಲಸಗಾರನ ಕಸುಬು ಲಕ್ಷಾಂತರ ಜನರ ಹೆಸರಾಯಿತು. ಕನ್ನಡದಲ್ಲಿ ನಾವು ಚಿತ್ರನಟನಿಗೂ ಆಟಗಾರನಿಗೂ 'ಅಭಿಮಾನಿ' ಎಂಬ ಒಂದೇ ಮಾತಿನಿಂದ ಕಾಲ ತಳ್ಳುತ್ತಿದ್ದೇವೆ. ಅದೇನೂ ಕೆಟ್ಟ ಮಾತಲ್ಲ. ಆದರೆ ಅದರಲ್ಲಿ ಬೆವರಿನ ವಾಸನೆ ಇಲ್ಲ.

ಹೆಣ್ಣುರೂಪದ ಪ್ರಶ್ನೆಗೆ ಮರಳೋಣ. ಇಲ್ಲಿಯೂ ಸ್ಪ್ಯಾನಿಷಿನಿಂದ ತಿಳಿದುಕೊಳ್ಳುವುದು ಇದೆ. ಆ ನುಡಿಯಲ್ಲಿ ಹೆಸರುಗಳಿಗೆಲ್ಲ ಲಿಂಗದ ಕಟ್ಟಳೆ ಉಂಟು. ಗೋಲು ಕಾಯುವವನಿಗೆ ಸ್ಪೇನಿನಲ್ಲಿ 'ಪೊರ್ತೆರೊ' ಎನ್ನುತ್ತಾರೆ, ಬಾಗಿಲು ಕಾಯುವವನು ಎಂದು ಅರ್ಥ. ಹೆಂಗಸಾದರೆ 'ಪೊರ್ತೆರಾ' ಆಗಬೇಕು. ಆದರೆ ಪೊರ್ತೆರಾ ಎಂದರೆ ಬಹುಮಹಡಿ ಮನೆಗಳ ಬಾಗಿಲಲ್ಲಿ ಕುಳಿತು ಬಂದವರನ್ನೂ ಹೋದವರನ್ನೂ ವಿಚಾರಿಸುವ ಹೆಂಗಸು. ಊರ ಸುದ್ದಿಗೆಲ್ಲ ಒಡತಿ ಎಂಬ ಕುಚೋದ್ಯ ಆ ಮಾತಿಗೆ ಅಂಟಿಕೊಂಡಿದೆ. ಆಟಗಾರ್ತಿಯನ್ನು ಹಾಗೆ ಕರೆಯುವುದು ಹೇಗೆ? ತೀರ್ಪುಗಾರರ ವಿಷಯದಲ್ಲಿಯೂ ಇಂತಹದೇ ಹಿಂಜರಿಕೆ ಇದ್ದಿತು. 'ಆರ್ಬಿತ್ರೊ' ಗಂಡು, 'ಆರ್ಬಿತ್ರಾ' ಹೆಣ್ಣು. ಆದರೂ ಹೆಣ್ಣು ತೀರ್ಪುಗಾರರನ್ನು ಗಂಡುರೂಪದಿಂದಲೇ ಕರೆಯುವ ರೂಢಿ ಬಹುಕಾಲ ನಡೆಯಿತು. ಹೆಣ್ಣುರೂಪ ಸರಿಯೆಂದು ಸ್ಪ್ಯಾನಿಷ್ ಭಾಷೆಯ ಅಕಾಡೆಮಿಯೇ ಹೇಳುತ್ತದೆ. 1713ರಲ್ಲಿ ಸ್ಥಾಪನೆಯಾದ ಆ ಸಂಸ್ಥೆ ಹೊಸತನಕ್ಕೆ ದುಡುಕುವಂತಹುದೇನೂ ಅಲ್ಲ. 2023ರಲ್ಲಿ ಸ್ಪೇನಿನ ಹೆಣ್ಣುಮಕ್ಕಳು ಸಿಡ್ನಿಯಲ್ಲಿ ಇಂಗ್ಲೆಂಡನ್ನು ಸೋಲಿಸಿ ಫುಟ್‌ಬಾಲಿನ ವಿಶ್ವಕಪ್ ಗೆದ್ದರು. ತಂಡದ ಗೋಲು ಕಾದವಳು ಪೊರ್ತೆರಾ ಆಗಿಯೇ ಪತ್ರಿಕೆಗಳಲ್ಲಿ ಮೆರೆದಳು. ಬಾಗಿಲು ಕಾಯುವ ಹೆಂಗಸಿನ ಮೇಲಿನ ಕುಚೋದ್ಯ ಅಂದು ಯಾರಿಗೂ ನೆನಪಾಗಿರಲಾರದು.

ಕನ್ನಡದಲ್ಲಿ ದಾಂಡಿಗನಿಗೆ ಹೆಣ್ಣುರೂಪ ಮಾಡುವುದು ಅದಕ್ಕಿಂತ ಸುಲಭ. ದಾರಿ ನಮ್ಮ ಮನೆಗಳಲ್ಲಿಯೇ ಸಿದ್ಧವಾಗಿದೆ. ಒಕ್ಕಲಿಗನ ಹೆಂಡತಿ ಒಕ್ಕಲಗಿತ್ತಿ. ಹೂವಾಡಿಗ–ಹೂವಾಡಗಿತ್ತಿ. ಗಾಣಿಗ–ಗಾಣಗಿತ್ತಿ. ಮದುವೆಯ ಚಪ್ಪರದಲ್ಲಿ ಮದುವಣಿಗನ ಪಕ್ಕದಲ್ಲಿ ಮದುವಣಗಿತ್ತಿ. ಗಂಡುರೂಪದ ನಡುವಿನ ಇಕಾರ ಸಡಿಲಿ ಅಕಾರವಾಗುತ್ತದೆ, ಕೊನೆಗೆ ಗಿತ್ತಿ ಸೇರುತ್ತದೆ. ವ್ಯಾಕರಣ ಓದದ ಅಜ್ಜಿಯೂ ಈ ಮಾರ್ಪಾಟನ್ನು ಒಂದು ಸಲವೂ ತಪ್ಪುವುದಿಲ್ಲ. ಈ ನಿಯಮದಂತೆ ದಾಂಡಿಗನ ಹೆಣ್ಣುರೂಪ ದಾಂಡಗಿತ್ತಿ. ಇದನ್ನು ಯಾವ ಸಮಿತಿಯೂ ಕೂತು ಕಟ್ಟಬೇಕಾಗಿಲ್ಲ. ಎಂ.ಸಿ.ಸಿ.ಯವರು ಇಂಗ್ಲಿಷಿನಲ್ಲಿ ಗಂಡಸನ್ನು ಕಳೆದು ಮಾತನ್ನು ಸರಿಪಡಿಸಬೇಕಾಯಿತು. ಕನ್ನಡ ಹೆಂಗಸನ್ನು ಕೂಡಿಸಿಕೊಂಡೇ ಸರಿಪಡಿಸಬಲ್ಲುದು.

ಒಂದು ಎಚ್ಚರಿಕೆ ಬೇಕು. ಗಿತ್ತಿಯೆಂಬ ಈ ತುದಿ ಎರಡು ಅರ್ಥಗಳನ್ನು ಹೊತ್ತಿದೆ. ಒಕ್ಕಲಗಿತ್ತಿ ಎಂದರೆ ಒಕ್ಕಲಿಗನನ್ನು ಕೈಹಿಡಿದವಳೂ ಹೌದು, ತಾನೇ ಒಕ್ಕಲುತನ ಮಾಡುವವಳೂ ಹೌದು. ದಾಂಡಗಿತ್ತಿ ಎಂದರೆ ದಾಂಡಿಗನ ಹೆಂಡತಿ ಎಂದು ಯಾರಾದರೂ ತಿಳಿದಾರು ಎನ್ನುವವರಿಗೆ ನನ್ನ ಉತ್ತರ ಒಂದೇ ಮಾತು: ಸೂಲಗಿತ್ತಿ. ಅಲ್ಲಿ ಗಂಡನ ಪ್ರಸ್ತಾಪವೇ ಇಲ್ಲ. ಕಸುಬು ಅವಳದು, ಹೆಸರೂ ಅವಳದು. ಸಾವಿರಾರು ಹೆರಿಗೆ ಮಾಡಿಸಿದ ಪಾವಗಡ ಸೀಮೆಯ ನರಸಮ್ಮನವರು 2018ರಲ್ಲಿ ಪದ್ಮಶ್ರೀ ಪಡೆದಾಗ ನಾಡು ಅವರನ್ನು ಕರೆದದ್ದು ಸೂಲಗಿತ್ತಿ ನರಸಮ್ಮ ಎಂದೇ.

ಮತ್ತೊಂದು ಆಕ್ಷೇಪ, ದಾಂಡಗಿತ್ತಿ ಎಂಬುದು ಕಿವಿಗೆ ಒರಟಾಗಿದೆ, ಬಜಾರಿಯನ್ನು ಕರೆದಂತಿದೆ ಎಂಬುದು. ಒರಟು ಎಂಬುದು ನಿಜ. ಹೇಳಿದೆನಲ್ಲ, ದಾಂಡಿಗನೂ ಮೊದಲಿಗೆ ಒರಟನೇ. ಗಂಡಸಿನಲ್ಲಿ ಆ ಒರಟುತನವನ್ನು ನಾವು ಶೌರ್ಯವೆಂದು ಓದಿಕೊಂಡೆವು. ಹುಡುಗಿಯಲ್ಲಿ ಅದನ್ನೇ ಗಯ್ಯಾಳಿತನವೆಂದು ಓದುವುದಾದರೆ ಕುಂದು ಶಬ್ದದ್ದಲ್ಲ. ಭಾರತದ ಮಹಿಳಾ ತಂಡ ತನ್ನ ಮೊತ್ತಮೊದಲ ಟೆಸ್ಟ್ ಪಂದ್ಯವನ್ನು ಆಡಿದ್ದು 1976ರಲ್ಲಿ, ಬೆಂಗಳೂರಿನಲ್ಲಿ. ಆ ತಂಡದ ನಾಯಕಿ ನಮ್ಮ ಶಾಂತಾ ರಂಗಸ್ವಾಮಿ. ಮರುವರ್ಷ ನ್ಯೂಜಿಲೆಂಡಿನ ಡುನೆಡಿನ್ನಿನಲ್ಲಿ ಅವರು ಹೊಡೆದ 108 ಓಟಗಳು ಟೆಸ್ಟ್ ಪಂದ್ಯದಲ್ಲಿ ಭಾರತದ ಹೆಣ್ಣುಮಗಳೊಬ್ಬಳ ಮೊದಲ ಶತಕ. ಆ ಹೊತ್ತಿಗೇ ಅವರಿಗೆ 'ದಾಂಡಗಿತ್ತಿ' ಎಂಬ ಬಿರುದು ಸಂದಿದ್ದರೆ ಮಾತು ಇಂದಿಗೆ ಐವತ್ತು ವರ್ಷ ಸವೆದು ನುಣುಪಾಗಿರುತ್ತಿತ್ತು. ವೇಳೆ ತಪ್ಪಿದ 'ಬಾಲೊಂಪಿಯೆ'ಯ ಕಥೆ ಇಲ್ಲಿಯೂ ಸ್ವಲ್ಪ ಇದೆ ಎನ್ನಬೇಕು. ಕನ್ನಡ ಪತ್ರಿಕೆಗಳು ಈಗ ಗಂಡಿಗೂ ಹೆಣ್ಣಿಗೂ 'ಬ್ಯಾಟರ್' ಎಂದು ಬರೆಯುವುದಕ್ಕೆ ಒಗ್ಗಿಹೋಗಿವೆ. ಹೆಚ್ಚೆಂದರೆ 'ಆಟಗಾರ್ತಿ' ಎನ್ನುತ್ತವೆ. ಆಟಗಾರ್ತಿ ಒಳ್ಳೆಯ ಮಾತೇ, ಆದರೆ ಚೆಂಡು ಎಸೆಯುವವಳೂ ಆಟಗಾರ್ತಿ, ಹಿಡಿಯುವವಳೂ ಆಟಗಾರ್ತಿ. ದಾಂಡು ಹಿಡಿದವಳಿಗೆ ಅವಳದೇ ಆದ ಹೆಸರು ಬೇಡವೆ?

ನಮ್ಮ ನೆರೆಮನೆಯ ತಮಿಳು ಈ ತೊಡಕನ್ನು ಸದ್ದಿಲ್ಲದೆ ದಾಟಿದೆ. ಬ್ಯಾಟಿಗೆ ಅವರು 'ಮಟ್ಟೈ' ಎನ್ನುತ್ತಾರೆ, ಹಿಡಿದವರು 'ಮಟ್ಟೈಯಾಳರ್'. ಕೊನೆಯ 'ಆಳರ್' ಗೌರವದ ರೂಪ. ಬರೆಯುವವರು ಎಳುತ್ತಾಳರ್, ಮಾತನಾಡುವವರು ಪೇಚ್ಚಾಳರ್. ಗಂಡಾದರೂ ಹೆಣ್ಣಾದರೂ ಅದೇ. ಚೆಂಡೆಸೆಯುವವರು ಪಂದುವೀಚ್ಚಾಳರ್. ಈ ಜಾಣ್ಮೆ ಕನ್ನಡಕ್ಕೂ ಹೊಸದಲ್ಲ. 'ವೈದ್ಯರು ಬಂದರು', 'ಅಧ್ಯಾಪಕರು ಹೇಳಿದರು' ಎನ್ನುವಾಗ ಗಂಡೋ ಹೆಣ್ಣೋ ಎಂಬ ಗೊಡವೆ ಇಲ್ಲ. ಹಾಗೆಯೇ 'ದಾಂಡಿಗರು ಅರ್ಧಶತಕ ಬಾರಿಸಿದರು' ಎಂದರೆ ಸ್ಮೃತಿ ಮಂದಾನ ಅವರಿಗೂ ಸಲ್ಲುತ್ತದೆ. ಬರೆಹದಲ್ಲಿ ಇಬ್ಬರಿಗೂ ಕೂಡಿ ಹೇಳುವಾಗ ದಾಂಡಿಗರು, ಬಯಲಿನಲ್ಲಿ ಹುಡುಗಿಯೊಬ್ಬಳನ್ನು ಕುರಿತು ಹೇಳುವಾಗ ದಾಂಡಗಿತ್ತಿ: ಹೀಗೆ ಎರಡನ್ನೂ ಇಟ್ಟುಕೊಳ್ಳುವುದು ನನಗೆ ಸರಿಯೆಂದು ತೋರುತ್ತದೆ. ತಮಿಳಿನ ಗಾಳಿಯಲ್ಲಿ ಬೆಳೆದ ಕನ್ನಡಿಗರಿಗೆ ಗೌರವದ ಬಹುವಚನ ಸಹಜವಾಗಿಯೇ ಬರುತ್ತದೆ. ಬೆಂಗಳೂರಿನವರಿಗಿಂತ ಒಂದು ಪಾಲು ಹೆಚ್ಚಾಗಿಯೇ ಬರುತ್ತದೆ ಎಂದರೂ ಸಲ್ಲುತ್ತದೆ.

ಗಡಿಯಲ್ಲಿ ಇರುವುದರಿಂದ ಇಂತಹ ಲಾಭಗಳೂ ಉಂಟು. 'ಚೆಂಡು' ಕನ್ನಡದ ಮಾತು, 'ಪಂದು' ತಮಿಳಿನ ಮಾತು ಎಂದು ನಾವು ಎರಡು ಕಪಾಟುಗಳಲ್ಲಿ ಇಡುತ್ತೇವೆ. ಹಳೆಯ ತಮಿಳಿನಲ್ಲಿ 'ಸೆಂಡು' ಎಂಬುದಕ್ಕೂ ಆಟದ ಚೆಂಡೆಂಬ ಅರ್ಥವಿದ್ದಿತು. ಈಗಲೂ ಕೊಯಮತ್ತೂರಿನ ಹೂವಿನ ಅಂಗಡಿಯಲ್ಲಿ ಸೆಂಡುಮಲ್ಲಿ ಎಂದು ಕೇಳಿದರೆ ನಮ್ಮ ಚೆಂಡುಹೂವನ್ನೇ ತೂಗಿ ಕೊಡುತ್ತಾರೆ. ಬೀದಿಯಲ್ಲಿ ಪಂದು, ಮಾಲೆಯಲ್ಲಿ ಸೆಂಡು! ಮಗುವಿಗೆ ಈ ಎರಡನ್ನೂ ಜೋಡಿಸಿ ತೋರಿಸಿದರೆ ಚೆಂಡೆಂಬ ಮನೆಯ ಮಾತು ಪರಕೀಯವೆನಿಸುವುದಿಲ್ಲ.

ಅದೇ ಸೀಮೆಯಲ್ಲಿ ಎಡವುವ ಕಲ್ಲುಗಳೂ ಇವೆ. 'ಸ್ಪಿನ್ನರ್' ಎಂಬ ಮಾತನ್ನೇ ನೋಡಿ. 1888ರಲ್ಲಿ ರಾಬರ್ಟ್ ಸ್ಟೇನ್ಸ್ ಕೊಯಮತ್ತೂರಿನಲ್ಲಿ ನೂಲಿನ ಗಿರಣಿಯನ್ನು ತೆರೆದಂದಿನಿಂದ ಈ ಊರಿಗೆ ಸ್ಪಿನ್ನಿಂಗ್ ಎಂದರೆ ಹತ್ತಿ, ಕದಿರು, ನೂಲು, ಪಾಳಿಯ ಸಿಳ್ಳು. ಗಿರಣಿಗೆ ಹೋಗಿ ಬಂದ ತಾತನಿಗೆ, ಇಂದು ಭಾರತ ಮೂವರು ಸ್ಪಿನ್ನರುಗಳೊಂದಿಗೆ ಇಳಿದಿದೆ ಎಂದರೆ, ಉಳಿದವರು ನೇಯುತ್ತಾರೆಯೆ ಎಂದು ಕೇಳಿಯಾರು. ನಗೆಮಾತು ಹಾಗಿರಲಿ, ಮಾತಿಗೆ ಮಾತು ಇಟ್ಟು ಅನುವಾದಿಸುವವನು, ಅದು ಮನುಷ್ಯನಾಗಲಿ ಈಗಿನ ಕೈಫೋನಿನ ಯಂತ್ರವಾಗಲಿ, ಬೀಳುವುದು ಇಂತಹ ಗುಂಡಿಗೇ. ಸ್ಪ್ಯಾನಿಷಿನಲ್ಲಿ ನೂಲುವ ಹೆಂಗಸು 'ಇಲಾಂದೆರಾ'. ವೆಲಾಸ್ಕೆಸ್ ಎಂಬ ಮಹಾ ಚಿತ್ರಕಾರ ಅವರನ್ನು ಚಿತ್ರಿಸಿದ್ದಾನೆ. ಚೆಂಡಿನ ಸುತ್ತಿಗೆ ಅವರಲ್ಲಿ 'ಎಫೆಕ್ತೊ' ಎಂಬ ಬೇರೆಯೇ ಮಾತಿದೆ. ನೂಲಿನ ಮಾತನ್ನು ಚೆಂಡಿಗೆ ಹಚ್ಚಿದರೆ ಕೇಳಿದವರು ನಕ್ಕಾರು. ಅದೇ 'ರನ್' ಎಂಬುದಕ್ಕೆ, ಬೇಸ್‌ಬಾಲ್ ಆಡುವ ಸ್ಪ್ಯಾನಿಷಿನವರು ಹೇಳುವ 'ಕರ್ರೆರಾ' ನಮ್ಮ 'ಓಟ'ದ ಹಾಗೆಯೇ ಓಡುವ ಸ್ಪರ್ಧೆಗೂ ಸಲ್ಲುತ್ತದೆ, ಗಳಿಸಿದ ಅಂಕಕ್ಕೂ ಸಲ್ಲುತ್ತದೆ. ಒಬ್ಬರನ್ನೊಬ್ಬರು ಕಾಣದ ಎರಡು ನುಡಿಗಳು, ಆಡುವವರ ಕಾಲುಗಳನ್ನು ನೋಡಿ, ಒಂದೇ ಕಡೆಗೆ ಬಂದು ನಿಂತವು.

ನಮ್ಮ ಕಬಡ್ಡಿಯ ಹೆಸರಿನ ಹಿಂದೆಯೂ ಇಂತಹದೊಂದು ಕಥೆ ಇದೆ. ತಮಿಳುನಾಡಿನ ಹಳ್ಳಿಗಳಲ್ಲಿ ಅದು ಸಡುಗುಡು, ಆಂಧ್ರದಲ್ಲಿ ಚೆಡುಗುಡು, ಮಹಾರಾಷ್ಟ್ರದಲ್ಲಿ ಹುತುತು, ಬಂಗಾಳದಲ್ಲಿ ಹಾಡುಡು. ಎಲ್ಲವೂ ಉಸಿರು ಹಿಡಿದವನ ಬಾಯಿಂದಲೇ ಹೊರಟ ಸದ್ದುಗಳು. ಅನುವಾದಕ್ಕೆ ಅಲ್ಲಿ ಎಡೆಯೇ ಇಲ್ಲ. 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟಕ್ಕೆ ಆಟ ಸೇರಿದಾಗ ಜೊತೆಗೆ ಹೋದದ್ದು ಕಬಡ್ಡಿ ಎಂಬ ಒಂದೇ ಹೆಸರು. ಉಳಿದವು ಊರಿನಲ್ಲಿ ಉಳಿದವು.

ಕೊನೆಯದಾಗಿ ಬರೆಹದ ಒಂದು ಸಂಗತಿ. ಗಡಿನಾಡಿನಲ್ಲಿ ಕನ್ನಡವನ್ನು ಚೆನ್ನಾಗಿ ಮಾತನಾಡಿಯೂ ಕನ್ನಡ ಲಿಪಿ ಬಾರದವರು ಅನೇಕರಿದ್ದಾರೆ. ಅವರು ಮನೆಯ ಮಾತನ್ನು ತಮಿಳಿನ ಅಕ್ಷರಗಳಲ್ಲಿ ಬರೆದುಕೊಳ್ಳುತ್ತಾರೆ; ಅದರಲ್ಲಿ ನಾಚಿಕೆ ಪಡುವಂತಹುದೇನೂ ಇಲ್ಲ. ಆದರೆ ತಮಿಳು ಲಿಪಿಯಲ್ಲಿ ತಕಾರಕ್ಕೂ ದಕಾರಕ್ಕೂ ಒಂದೇ ಅಕ್ಷರ. 'ದಾಂಡು' ಎಂದು ಬರೆದರೆ ತಮಿಳಿನವರು 'ತಾಂಡು' ಎಂದು ಓದುತ್ತಾರೆ. ಆ ನುಡಿಯಲ್ಲಿ ತಾಂಡು ಎಂದರೆ ಹಾರು, ದಾಟು ಎಂದು ಅರ್ಥ. ಆದುದರಿಂದ ಕ್ರೀಡಾಕೂಟದ ಕರಪತ್ರದಲ್ಲಿ ಹುಡುಗಿಯರ ಆಟವನ್ನು ಹಾಕುವವರು ದಾಂಡಗಿತ್ತಿಯನ್ನು ತಮಿಳು ಅಕ್ಷರದಲ್ಲಿ ಮಾತ್ರ ಅಚ್ಚು ಮಾಡಿಸಿದರೆ ಕೆಲವರು ಅದನ್ನು ಎತ್ತರ ಜಿಗಿತದ ಸ್ಪರ್ಧೆಯೆಂದು ತಿಳಿದು ಮಗಳನ್ನು ಕರೆತಂದಾರು. ಪಕ್ಕದಲ್ಲಿ ಕನ್ನಡ ಅಕ್ಷರದ ನಾಲ್ಕು ಗುಂಡುಗಳನ್ನೂ ಇಡಿಸುವುದು ಒಳ್ಳೆಯದು. ಅಚ್ಚುಕೂಟದವರು ಕನ್ನಡ ಅಚ್ಚು ಇಲ್ಲವೆಂದರೆ, ಮನೆಯ ಹಿರಿಯರೊಬ್ಬರ ಕೈಯಲ್ಲಿ ಬರೆಯಿಸಿಕೊಂಡು ಹೋಗಿ ಕೊಡಬಹುದು.